ವೋಲ್ಗಾ ನದಿಯ ‘ರಾವ್’ ಎಂಬ ಹೆಸರಿಗೂ ಋಗ್ವೇದದ ರಸಾ ನದಿಗೂ ಏನು ನಂಟು?

ಪ್ರಶ್ನೆ: ನಾನು ಶಿವಮೊಗ್ಗದ ನಿವೃತ್ತ ಪ್ರೌಢಶಾಲಾ ಶಿಕ್ಷಕಿ. ಮಗಳು ರಷ್ಯಾದ ಸರಾನ್ಸ್ಕ್ ನಗರದಲ್ಲಿ ವೈದ್ಯಕೀಯ ಓದುತ್ತಿದ್ದಾಳೆ. ಅವಳ ಗೆಳತಿಯೊಬ್ಬಳು ಎರ್ಜ್ಯಾ ಎಂಬ ಜನಾಂಗದವಳು. ಆ ಹುಡುಗಿಯ ಅಜ್ಜಿ ವೋಲ್ಗಾ ನದಿಯನ್ನು ‘ರಾವ್’ ಎನ್ನುತ್ತಾರಂತೆ. ಮಗಳು ಇದನ್ನು ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಹೇಳಿದ್ದೇ ತಡ, ನನ್ನ ಭಾವನವರು ಎಲ್ಲಿಂದಲೋ ಬಂದ ಉದ್ದನೆಯ ಸಂದೇಶವೊಂದನ್ನು ಹಾಕಿದರು. ‘ರಾವ್ ಎಂದರೆ ನದಿ, ಪಂಜಾಬಿನ ರಾವಿಯೂ ಇದೇ, ಋಗ್ವೇದದ ರಸಾ ನದಿ ಎಂದರೆ ವೋಲ್ಗಾ, ಎರ್ಜ್ಯಾ ಭಾಷೆ ಸಂಸ್ಕೃತದ ಮಗಳು, ಅವರು ನೂರಕ್ಕೆ ಸ್ಯಾದೊ, ಜೇನಿಗೆ ಮೆದ್ ಎನ್ನುತ್ತಾರೆ’ ಎಂದೆಲ್ಲ ಅದರಲ್ಲಿದೆ. ನಮ್ಮ ಮನೆಯವರ ಹೆಸರಿನ ಕೊನೆಯಲ್ಲೂ ರಾವ್ ಇರುವುದರಿಂದ ಗುಂಪಿನಲ್ಲಿ ಎಲ್ಲರಿಗೂ ಭಾರೀ ಉತ್ಸಾಹ. ಅಷ್ಟರಲ್ಲಿ ನಮ್ಮ ಅಕ್ಕನ ಮಗ, ‘ಅವರು ತಾಯಿಗೆ ಆವಾ ಎನ್ನುತ್ತಾರೆ, ನಮ್ಮ ಅವ್ವ! ಅವರು ಕನ್ನಡದ ಬಳಗ, ಸಂಸ್ಕೃತದ್ದಲ್ಲ’ ಎಂದು ಬೇರೆ ವಾದ ಹೂಡಿದ್ದಾನೆ. ಮಹಿಳಾ ಸಮಾಜದ ವಾರ್ಷಿಕ ಸಂಚಿಕೆಗೆ ಈ ಹೆಸರಿನ ಮೇಲೆ ಲೇಖನ ಬರೆದುಕೊಡುತ್ತೇನೆಂದು ಒಪ್ಪಿಕೊಂಡಿದ್ದೇನೆ. ಸುಳ್ಳು ಬರೆಯಲು ಮನಸ್ಸಿಲ್ಲ. ನಿಜವಾಗಿ ಏನಾದರೂ ನಂಟಿದ್ದರೆ ಅದನ್ನು ಮುಚ್ಚಿಡಲೂ ಮನಸ್ಸಿಲ್ಲ. ಏನು ಬರೆಯಲಿ?

ಉತ್ತರ: ನಿಮ್ಮ ಇಕ್ಕಟ್ಟು ಅರ್ಥವಾಗುತ್ತದೆ. ಆ ಸಂದೇಶ ಪೂರ್ತಿ ಸುಳ್ಳಾಗಿದ್ದರೆ ಅಳಿಸಿಹಾಕಿ ಸುಮ್ಮನಿರಬಹುದಿತ್ತು. ಅದರಲ್ಲಿ ಒಂದು ಎಳೆ ನಿಜ, ಅದೂ ಸೊಗಸಾದ ನಿಜ. ಅದಕ್ಕೆ ನಾಲ್ಕು ಸುಳ್ಳುಗಳನ್ನು ಹೊಸೆದು ಹಗ್ಗ ಮಾಡಿದ್ದಾರೆ. ಪದಗಳ ಮೂಲ ಕೇಳಿ ನನ್ನ ಬಳಿಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಇದೇ ಜಾತಿಯವು.

ಮೊದಲು ಸುಲಭದ್ದನ್ನು ಮುಗಿಸೋಣ. ಎರ್ಜ್ಯಾ ಭಾಷೆಯಲ್ಲಿ ರಾವ್ ಎಂದರೆ ‘ನದಿ’ ಅಲ್ಲ. ನದಿಗೆ ಅವರ ಮಾತು ‘ಲೇಯ್’. ನೆರೆಯ ಸೋದರ ಭಾಷೆಯಾದ ಮೋಕ್ಷಾದಲ್ಲಿ ಅದು ‘ಲ್ಯಾಯ್’. ಆ ಸೀಮೆಯ ನಕ್ಷೆ ಬಿಡಿಸಿ ನೋಡಿದರೆ ಲೇಯ್, ಲ್ಯಾಯ್ ಎಂದು ಮುಗಿಯುವ ಹಳ್ಳ ಹಳ್ಳಿಗಳ ಹೆಸರು ಸಾಕಷ್ಟು ಸಿಗುತ್ತವೆ. ಎರ್ಜ್ಯಾ ಜನ ಈಗ ಇಲ್ಲದ ಜಾಗಗಳಲ್ಲೂ ಸಿಗುತ್ತವೆ. ರಾವ್ ಎನ್ನುವುದು ವೋಲ್ಗಾ ಒಂದಕ್ಕೇ ಅವರಿಟ್ಟುಕೊಂಡಿರುವ ಹೆಸರು. ‘ರಾವೊ’ ಎಂಬ ರೂಪವೂ ಉಂಟು. ಕನ್ನಡದಲ್ಲಿ ‘ರಾ’ ಎಂದು ದೀರ್ಘ ಹಾಕಿ ಬರೆಯುವುದು ನಮ್ಮ ಅನುಕೂಲಕ್ಕೆ. ಎರ್ಜ್ಯಾದಲ್ಲಿ ನಮ್ಮಂತೆ ಹ್ರಸ್ವ ದೀರ್ಘಗಳ ಭೇದವೇ ಇಲ್ಲ.

ಇನ್ನು ನಿಮ್ಮ ಮನೆತನದ ರಾವ್. ಅದು ‘ರಾಜ’ ಶಬ್ದ ಪ್ರಾಕೃತದ ಬಾಯಲ್ಲಿ ಸವೆದು ರಾಯ, ರಾವ್ ಎಂದಾದದ್ದು. ಪಂಜಾಬಿನ ರಾವಿಯದೂ ಬೇರೆಯೇ ಕಥೆ. ಋಗ್ವೇದದಲ್ಲಿ ಆ ನದಿಯ ಹೆಸರು ಪರುಷ್ಣೀ. ಮುಂದೆ ಇರಾವತೀ ಎಂದಾಯಿತು. ಇರಾವತಿಯ ತಲೆಬಾಲ ಸವೆದು ಉಳಿದದ್ದು ರಾವಿ. ಸೂರ್ಯನ ಹೆಸರಾದ ರವಿಗೂ ಇವು ಯಾವುದಕ್ಕೂ ಸಂಬಂಧವಿಲ್ಲ. ಮೂರು ಬೇರೆ ಬೇರೆ ಪದಗಳು ಸವೆದು ಸವೆದು ಒಂದೇ ಆಕಾರಕ್ಕೆ ಬಂದು ನಿಂತಿವೆ, ಅಷ್ಟೆ. ಪದದ ಇಂದಿನ ರೂಪವನ್ನು ಇಂದಿನ ಇನ್ನೊಂದು ರೂಪದ ಪಕ್ಕ ಇಟ್ಟು ನೋಡುವುದೇ ಇಂಥ ಸಂದೇಶಗಳ ಮೂಲ ತಪ್ಪು. ಎರಡನ್ನೂ ಹಿಂದಕ್ಕೆ ನಡೆಸಿಕೊಂಡು ಹೋಗಿ, ಅವು ಎಲ್ಲಾದರೂ ಕೂಡುತ್ತವೆಯೇ ಎಂದು ನೋಡಬೇಕು.

ನಿಮ್ಮ ಅಕ್ಕನ ಮಗನಿಗೂ ಒಂದು ಮಾತು. ‘ಆವಾ’ ಎಂದರೆ ತಾಯಿ, ಹೆಂಗಸು ಎಂಬುದು ನಿಜ. ಅವರ ಹಳೆಯ ನಂಬಿಕೆಯಲ್ಲಿ ನೀರಿಗೊಬ್ಬಳು ‘ವೇದ್-ಆವಾ’, ಕಾಡಿಗೊಬ್ಬಳು ‘ವಿರ್ಯ್-ಆವಾ’ ಇದ್ದಾಳೆ. ಗಂಗವ್ವ, ಯಲ್ಲವ್ವ ಎಂದು ಕರೆದು ಬೆಳೆದ ನಮಗೆ ಅದನ್ನು ಕೇಳಿ ಮೈ ಜುಮ್ಮೆನ್ನುವುದು ಸಹಜವೇ. ಆದರೆ ಅಮ್ಮ, ಅವ್ವ, ಮಾಮಾ, ಪಾಪಾ ಬಗೆಯ ಪದಗಳು ಮಗುವಿನ ಬಾಯಿಗೆ ಮೊದಲು ಒಗ್ಗುವ ಧ್ವನಿಗಳಿಂದ ಹುಟ್ಟಿದವು. ಜಗತ್ತಿನ ಎಲ್ಲ ಕಡೆ ತಂತಾವೇ ಹುಟ್ಟುತ್ತವೆ. ಜಾರ್ಜಿಯನ್ ಭಾಷೆಯಲ್ಲಿ ‘ಮಾಮಾ’ ಎಂದರೆ ಅಪ್ಪ, ‘ದೇದಾ’ ಎಂದರೆ ಅಮ್ಮ. ನಂಟಸ್ತನ ಸಾಧಿಸಲು ಇವು ಸಾಕ್ಷಿಯಾಗಿ ನಿಲ್ಲುವುದಿಲ್ಲ. ದ್ರಾವಿಡ ಭಾಷೆಗಳನ್ನು ಆ ಕಡೆಯ ಭಾಷೆಗಳ ಜೊತೆ ಸೇರಿಸುವ ಯೋಚನೆ ಹಳೆಯದು. ದ್ರಾವಿಡ ಭಾಷೆಗಳ ತುಲನಾತ್ಮಕ ವ್ಯಾಕರಣ ಬರೆದ ಕಾಲ್ಡ್‌ವೆಲ್ 1856ರಲ್ಲೇ ಆ ದಿಕ್ಕಿಗೆ ಬೆರಳು ತೋರಿಸಿದ್ದರು. ಅದನ್ನು ಇಂದು ಬಹುತೇಕ ಭಾಷಾಶಾಸ್ತ್ರಜ್ಞರು ಒಪ್ಪುವುದಿಲ್ಲ. ಎರ್ಜ್ಯಾದಲ್ಲಿ ‘ಕಲ್’ ಎಂಬ ಪದವೂ ಇದೆ ಎಂದು ಆ ಹುಡುಗನಿಗೆ ಹೇಳಿ, ಸಂತೋಷಪಡಲಿ. ಆಮೇಲೆ, ಅದರ ಅರ್ಥ ಮೀನು ಎಂದೂ ಹೇಳಿ.

ಹಾಗಾದರೆ ಎರ್ಜ್ಯಾ ಯಾರ ಬಳಗ? ಫಿನ್ನಿಷ್, ಎಸ್ಟೋನಿಯನ್, ಹಂಗೇರಿಯನ್ ಭಾಷೆಗಳ ಬಳಗ. ಇದಕ್ಕೆ ಯೂರಾಲಿಕ್ ಕುಟುಂಬ ಎನ್ನುತ್ತಾರೆ. ಮನೆಮಾತಿನ ಬುಡದ ಪದಗಳನ್ನು ನೋಡಿದರೆ ಇದರಲ್ಲಿ ಸಂಶಯ ಉಳಿಯುವುದಿಲ್ಲ. ನೀರು ಎರ್ಜ್ಯಾದಲ್ಲಿ ‘ವೇದ್’, ಫಿನ್ನಿಷ್‌ನಲ್ಲಿ ‘ವೆಸಿ’, ಹಂಗೇರಿಯನ್‌ನಲ್ಲಿ ‘ವೀಜ್’. ಕೈ: ಕೇದ್, ಕಾಸಿ, ಕೇಜ್. ಕಲ್ಲು: ಕೇವ್, ಕಿವಿ, ಕೋ. ಮೇಲೆ ಹೇಳಿದ ಮೀನು: ಕಲ್, ಕಲಾ, ಹಾಲ್. ಸಂಸ್ಕೃತದ ಮಗಳಾಗಿದ್ದರೆ ನೀರು, ಕೈ, ಕಲ್ಲುಗಳಿಗೆ ಇಂಥ ಪದಗಳು ಬರುತ್ತಿರಲಿಲ್ಲ.

ಹಾಗಿದ್ದೂ ಸ್ಯಾದೊ ಎಂದರೆ ನೂರು, ಮೆದ್ ಎಂದರೆ ಜೇನು ಎಂಬುದು ಸುಳ್ಳಲ್ಲ. ಇಲ್ಲಿಂದ ವಿಷಯ ರುಚಿಗಟ್ಟುತ್ತದೆ.

ಸಾವಿರಾರು ವರ್ಷ ಎರ್ಜ್ಯಾ ಪೂರ್ವಜರು ಕಾಡಿನ ಅಂಚಿನಲ್ಲಿದ್ದರು. ಅವರ ದಕ್ಷಿಣಕ್ಕೆ ಮರವಿಲ್ಲದ ಹುಲ್ಲುಗಾವಲು. ಅಲ್ಲಿ ಕುದುರೆ, ದನ ಸಾಕಿಕೊಂಡು ಅಲೆಯುತ್ತಿದ್ದವರು ಆಡುತ್ತಿದ್ದದ್ದು ಮೊದಮೊದಲು ಸಂಸ್ಕೃತ ಮತ್ತು ಇರಾನಿ ಭಾಷೆಗಳ ಸಮಾನ ತಾಯಿಮಾತನ್ನು. ಮುಂದೆ ಸಿಥಿಯನ್ನರು, ಸರ್ಮೇಷಿಯನ್ನರು ಎಂಬ ಅಲೆಮಾರಿಗಳ ಕಾಲಕ್ಕೆ ಇರಾನಿ ಶಾಖೆಯ ಮಾತುಗಳನ್ನು. ಅಕ್ಕಪಕ್ಕದವರಾದ ಮೇಲೆ ಕೊಡುಕೊಳ್ಳುವುದು ಇದ್ದೇ ಇರುತ್ತದೆ. ಎರ್ಜ್ಯಾದ ಸ್ಯಾದೊ ನಮ್ಮ ‘ಶತ’ದ ಸಂಬಂಧಿ. ಒಡೆಯನಿಗೆ ಅವರು ‘ಅಝೊರೊ’ ಎನ್ನುತ್ತಾರೆ. ಅದು ‘ಅಸುರ’, ಆ ಪದಕ್ಕೆ ಪ್ರಭು ಎಂಬ ಒಳ್ಳೆಯ ಅರ್ಥವಿದ್ದ ಕಾಲದ್ದು. ದೇವರು ‘ಪಾಝ್’; ಭಗವಂತ ಎನ್ನುವಲ್ಲಿನ ‘ಭಗ’. ಕೊಡಲಿ ‘ಉಝೆರೆ’, ಅದು ‘ವಜ್ರ’, ಇಂದ್ರನ ಕೈಯಲ್ಲಿದ್ದ ಆಯುಧವೇ ಅಲ್ಲಿ ಮರ ಕಡಿಯುತ್ತಿದೆ. ಜೇನುನೊಣ ‘ಮೆಕ್ಷ್’, ಸಂಸ್ಕೃತದ ಮಕ್ಷಿಕಾ. ಗಂಡನಿಗೆ ‘ಮಿರ್ದೆ’, ಅದು ‘ಮರ್ತ್ಯ’ದ ಕಡೆಯದು. ಹೊರಗಿನವರು ಈ ಜನರಿಗೆಲ್ಲ ಇಟ್ಟ ‘ಮೋರ್ದ್ವಾ’ ಎಂಬ ಹೆಸರೂ ಅದೇ ಬೇರಿನಿಂದ ಬಂದದ್ದೆಂಬುದು ಸಾಮಾನ್ಯ ಅಭಿಪ್ರಾಯ. ಆದರೆ ಅವರು ತಮ್ಮನ್ನು ತಾವು ಕರೆದುಕೊಳ್ಳುವುದು ಎರ್ಜ್ಯಾ ಎಂದೇ. ಲೇಖನದಲ್ಲಿ ನೀವೂ ಹಾಗೆಯೇ ಬರೆಯಿರಿ. ಇನ್ನೊಂದು ಹೆಸರು ಅವರಲ್ಲಿ ಹಲವರಿಗೆ ಹಿಡಿಸುವುದಿಲ್ಲ.

ಇವೆಲ್ಲ ಎರವಲು. ಕನ್ನಡದಲ್ಲಿ ‘ಜಮೀನು’, ‘ಕಾಗದ’ ಇದ್ದ ಮಾತ್ರಕ್ಕೆ ಕನ್ನಡ ಪರ್ಷಿಯನ್ನಿನ ಮಗಳಾಗಲಿಲ್ಲ.

ಈಗ ರಾವ್‌ಗೆ ಬರೋಣ. ಕ್ರಿಸ್ತಶಕ 2ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಟಾಲೆಮಿ ತನ್ನ ಭೂಗೋಳದಲ್ಲಿ ವೋಲ್ಗಾವನ್ನು ‘ರ್ಹಾ’ ಎಂದು ಕರೆದಿದ್ದಾನೆ. 4ನೇ ಶತಮಾನದ ರೋಮನ್ ಇತಿಹಾಸಕಾರ ಅಮ್ಮಿಯಾನುಸ್, ಆ ನದಿಯ ದಂಡೆಯಲ್ಲಿ ಅದೇ ಹೆಸರಿನ ಒಂದು ಔಷಧಿ ಬೇರು ಬೆಳೆಯುತ್ತದೆ ಎಂದಿದ್ದಾನೆ. ರೂಬಾರ್ಬ್ ಎಂಬ ಗಿಡದ ಹೆಸರನ್ನು ಇದರಿಂದಲೇ ಬಿಡಿಸುವುದುಂಟು. ನಿಮ್ಮ ಮಗಳಿಗೆ ಔಷಧ ವಿಜ್ಞಾನದ ಪಾಠದಲ್ಲಿ ಈ ಗಿಡ ಎದುರಾದರೆ ನೆನಪಿಸಿಕೊಳ್ಳಲಿ. ಇಂದು ಆ ನದಿಗೆ ತಾತಾರರು ಇದೆಲ್ ಎನ್ನುತ್ತಾರೆ, ಚುವಾಶರು ಆತಲ್ ಎನ್ನುತ್ತಾರೆ, ಮಾರಿ ಜನ ಯುಲ್ ಎನ್ನುತ್ತಾರೆ, ರಷ್ಯನ್ನರು ವೋಲ್ಗಾ ಎನ್ನುತ್ತಾರೆ. ಟಾಲೆಮಿಯ ರ್ಹಾ ಉಳಿದಿರುವುದು ಎರ್ಜ್ಯಾ ಮತ್ತು ಮೋಕ್ಷಾ ಬಾಯಲ್ಲಿ ಮಾತ್ರ. ನಿಮ್ಮ ಮಗಳ ಗೆಳತಿಯ ಅಜ್ಜಿ ದಿನವೂ ಬಳಸುವ ಪದಕ್ಕೆ 1,800 ವರ್ಷಗಳಿಗೂ ಹಿಂದಿನ ಲಿಖಿತ ದಾಖಲೆ ಇದೆ.

ರ್ಹಾ ಎಲ್ಲಿಂದ ಬಂತು? ಪಾರ್ಸಿಗಳ ಧರ್ಮಗ್ರಂಥವಾದ ಅವೆಸ್ತಾದಲ್ಲಿ ‘ರಂಹಾ’ ಎಂಬ ನದಿ ಬರುತ್ತದೆ. ವೆಂದಿದಾದ್ ಭಾಗದ ಮೊದಲ ಅಧ್ಯಾಯದಲ್ಲಿ ಹದಿನಾರು ನಾಡುಗಳ ಪಟ್ಟಿಯಿದೆ. ಕೊನೆಯದು, ಹದಿನಾರನೆಯದು, ರಂಹಾ ನೀರಿನ ಬಳಿಯದು. ಅಲ್ಲಿಯ ಜನರಿಗೆ ಒಡೆಯನಿಲ್ಲ, ಅಲ್ಲಿಯ ಪೀಡೆ ಚಳಿಗಾಲ. ಋಗ್ವೇದದಲ್ಲಿ ಇದಕ್ಕೆ ಜೋಡಿ ‘ರಸಾ’. ಹತ್ತನೆಯ ಮಂಡಲದ 108ನೇ ಸೂಕ್ತದಲ್ಲಿ ಇಂದ್ರನ ದೂತಿ ಸರಮೆ ಕಳುವಾದ ಗೋವುಗಳನ್ನು ಹುಡುಕಿಕೊಂಡು ಪಣಿಗಳ ಬಳಿ ಬರುತ್ತಾಳೆ. ಅವರು ಬೆರಗಾಗಿ ಕೇಳುವ ಪ್ರಶ್ನೆಗಳಲ್ಲಿ ಒಂದು: ‘ಕಥಂ ರಸಾಯಾ ಅತರಃ ಪಯಾಂಸಿ’, ರಸೆಯ ನೀರನ್ನು ಹೇಗೆ ದಾಟಿಬಂದೆ? ಲೋಕದ ಅಂಚಿನಲ್ಲಿ ಹರಿಯುವ ನದಿ ಅದು. ಸಂಸ್ಕೃತದಲ್ಲಿ ‘ರಸ’ ಎಂದರೆ ದ್ರವ, ತೇವ; ಲ್ಯಾಟಿನ್, ಲಿಥುವೇನಿಯನ್, ರಷ್ಯನ್ ಭಾಷೆಗಳಲ್ಲಿ ಇದರ ಒಡಹುಟ್ಟುಗಳಿಗೆ ಇಬ್ಬನಿ ಎಂಬ ಅರ್ಥ.

ಸಂಸ್ಕೃತದ ಸಕಾರ ಇರಾನಿ ಮಾತುಗಳಲ್ಲಿ ನಿಯಮಬದ್ಧವಾಗಿ ಹಕಾರವಾಗುತ್ತದೆ: ಸಪ್ತ–ಹಪ್ತ, ಸಿಂಧು–ಹಿಂದು, ಅಸುರ–ಅಹುರ. ಕನ್ನಡಿಗರಿಗೆ ಇಂಥದ್ದು ಹೊಸದಲ್ಲ. ಹಳಗನ್ನಡದ ಪಾಲ್, ಪುಲಿ, ಪೂ ಎಲ್ಲವೂ ಒಂದೂ ತಪ್ಪದಂತೆ ಹಾಲು, ಹುಲಿ, ಹೂ ಆದವಲ್ಲ? ಹಾಗೆ ‘ರಸಾ’ಕ್ಕೆ ಇರಾನಿ ಜೋಡಿ ‘ರಹಾ’. ಅವೆಸ್ತಾದ ರಂಹಾ, ಹುಲ್ಲುಗಾವಲಿನವರ ರಹಾ, ಗ್ರೀಕರ ರ್ಹಾ, ಎರ್ಜ್ಯಾದ ರಾವ್ ಒಂದೇ ಸಾಲಿನಲ್ಲಿ ನಿಲ್ಲುತ್ತವೆ.

‘ಹ’ ಇದ್ದಲ್ಲಿ ‘ವ’ ಹೇಗೆ ಬಂತು ಎಂದು ನೀವು ಕೇಳಬೇಕು. ವ್ಯಾಕರಣ ಕಲಿಸಿದವರು, ಕೇಳಿಯೇ ಕೇಳುತ್ತೀರಿ. ಎರ್ಜ್ಯಾದ ಸ್ವಂತ ಪದಗಳಲ್ಲಿ ಹಕಾರವಿಲ್ಲ. ಅದು ಬರುವುದು ಹೊರಗಿನಿಂದ ತಂದ ಪದಗಳಲ್ಲಿ. ರಹಾದ ಹಕಾರ ಉಳಿಯದೆ ಹೋದರೆ ಎರಡು ಅಕಾರ ಎದುರುಬದುರು ನಿಲ್ಲುತ್ತವೆ, ನಡುವೆ ನಾಲಿಗೆಗೆ ಆಸರೆ ಬೇಕು. ‘ಮರ’ಕ್ಕೆ ‘ಅನ್ನು’ ಸೇರಿದಾಗ ನಾವು ‘ಮರವನ್ನು’ ಎನ್ನುವಂತೆ ಅಲ್ಲಿಯೂ ವಕಾರಾಗಮ. ನನಗೆ ಇದು ಒಪ್ಪಿಗೆಯಾಗುವ ವಿವರಣೆ. ಒಪ್ಪದವರೂ ಇದ್ದಾರೆ. ಅವರು ಹೇಳುವ ಇನ್ನೊಂದು ದಾರಿ, ‘ಹರಿ’ ಎಂಬ ಅರ್ಥದ ‘ಸ್ರು’ ಧಾತುವಿನದು. ನಾವು ಸ್ರವಿಸು, ರಕ್ತಸ್ರಾವ ಎನ್ನುತ್ತೇವಲ್ಲ, ಅದೇ ಧಾತು. ಸಂಸ್ಕೃತದ ‘ಸ್ರೋತಸ್’ ಹಳೆಯ ಪರ್ಷಿಯನ್ನಿನಲ್ಲಿ ಮೊದಲ ಸಕಾರ ಕಳೆದುಕೊಂಡು ‘ರೌತಹ್’ ಆಗಿರುವಂತೆ, ‘ಸ್ರವ’ವೂ ‘ರವ’ ಆಗಿ ಎರ್ಜ್ಯಾಕ್ಕೆ ಬಂದಿರಬಹುದು ಎನ್ನುತ್ತಾರೆ. ವಕಾರದ ತೊಡಕು ಇದರಿಂದ ಸಲೀಸಾಗಿ ಬಿಡಿಸಿಕೊಳ್ಳುತ್ತದೆ. ಆದರೆ ಅವೆಸ್ತಾದಲ್ಲಿ ರಂಹಾ ಎಂಬ ನದಿ ಕಣ್ಣೆದುರೇ ಇರುವಾಗ ಇನ್ನೊಂದು ನದಿಯನ್ನು ಕಲ್ಪಿಸಿಕೊಳ್ಳುವುದೇಕೆ ಎಂಬುದು ನನ್ನ ಹಿಂಜರಿಕೆ.

ನಿಮ್ಮ ಭಾವನವರ ಸಂದೇಶಕ್ಕೆ ನಿಜವಾದ ಉತ್ತರ ಒಂದು ಸಕಾರದಲ್ಲಿದೆ. ‘ಅಝೊರೊ’ವನ್ನು ಮತ್ತೊಮ್ಮೆ ನೋಡಿ. ಅದರಲ್ಲಿ ಅಸುರದ ಸಕಾರ ಸ್ವಲ್ಪ ಮೆತ್ತಗಾಗಿ ಝಕಾರವಾಗಿದೆ, ಮಾಯವಾಗಿಲ್ಲ. ಅಂದರೆ ಇರಾನಿಯಲ್ಲಿ ಸಕಾರ ಹಕಾರವಾಗುವ ಮೊದಲೇ ಆ ಪದ ಎರ್ಜ್ಯಾ ಪೂರ್ವಜರ ಕೈಸೇರಿತ್ತು. ರಾವ್ ಅದೇ ಕಾಲದಲ್ಲಿ, ಅಥವಾ ಸಂಸ್ಕೃತ ಆಡುವವರಿಂದ ಬಂದಿದ್ದರೆ ಅದರಲ್ಲೂ ಸಕಾರದ ಗುರುತು ಉಳಿಯಬೇಕಿತ್ತು. ಅಜ್ಜಿಯ ಬಾಯಲ್ಲಿ ‘ರಾಝ್’ ಎಂಬಂಥ ಏನಾದರೂ ಕೇಳಬೇಕಿತ್ತು. ಕೇಳುತ್ತಿಲ್ಲ. ಆದ್ದರಿಂದ ಹೆಸರು ಬಂದದ್ದು ಸಕಾರ ಬಿದ್ದುಹೋದ ಮೇಲೆ, ಇರಾನಿ ಬಾಯಿಂದ. ಮೇಲಿನ ಎರಡು ದಾರಿಗಳಲ್ಲಿ ಯಾವುದನ್ನು ಹಿಡಿದರೂ ಇಷ್ಟು ಮಾತ್ರ ಬದಲಾಗುವುದಿಲ್ಲ. ರಾವ್ ರಸೆಯ ಮಗಳಲ್ಲ. ರಹಾ ದಾರಿಯೇ ಸರಿಯಾದರೆ, ದೊಡ್ಡಮ್ಮನ ಮೊಮ್ಮಗಳು.

ಹಾಗಾದರೆ ಋಗ್ವೇದದ ಕವಿಗಳು ರಸಾ ಎಂದಾಗ ವೋಲ್ಗಾವನ್ನೇ ನೆನೆದರೇ? ಇದಕ್ಕೆ ಋಗ್ವೇದವನ್ನೇ ಕೇಳೋಣ. ಐದನೆಯ ಮಂಡಲದ 53ನೇ ಸೂಕ್ತದಲ್ಲಿ ರಸಾ, ಕುಭಾ, ಕ್ರುಮು, ಸಿಂಧು ಒಂದೇ ಉಸಿರಿನಲ್ಲಿ ಬರುತ್ತವೆ. ಕುಭಾ ಎಂದರೆ ಇಂದಿನ ಕಾಬೂಲ್ ನದಿ, ಕ್ರುಮು ಎಂದರೆ ಕುರ್ರಂ. ಹತ್ತನೆಯ ಮಂಡಲದ ನದೀಸೂಕ್ತದಲ್ಲೂ ರಸಾ ಸಿಂಧುವಿಗೆ ಸೇರುವ ನದಿಗಳ ನಡುವೆಯೇ ಇದೆ. ಅಲ್ಲಿಂದ ವೋಲ್ಗಾ ಸಾವಿರ ಮೈಲಿಗೂ ಹೆಚ್ಚು ದೂರ. ಒಂದೇ ಹೆಸರು ಹಲವು ನದಿಗಳಿಗೆ ಇರುವುದು ಆ ಜನರಲ್ಲಿ ವಾಡಿಕೆ: ನಮ್ಮ ಸರಸ್ವತೀ ಎಂಬ ಹೆಸರೇ ಅಫ್ಘಾನಿಸ್ತಾನದ ಕಡೆ ಹರಖ್ವೈತೀ, ಸರಯೂ ಎಂಬುದೇ ಅಲ್ಲಿ ಹರೋಯು. ಕೊಳವೆಬಾವಿಯಲ್ಲಿ ನೀರು ಬಂದರೆ ‘ಗಂಗೆ ಬಂದಳು’ ಎಂದು ಅರಿಸಿನ ಕುಂಕುಮ ಹಾಕುವ ನಮಗೆ ಇದು ವಿಚಿತ್ರವೆನಿಸಬಾರದು. ‘ತೇವದವಳು’ ಎಂಬಂಥ ಹೆಸರು ಯಾವ ಹೊಳೆಗೂ ಒಪ್ಪುತ್ತದೆ. ರಷ್ಯನ್ನರ ವೋಲ್ಗಾ ಎಂಬ ಹೆಸರನ್ನೂ ತೇವ ಎಂಬ ಅರ್ಥದ ಸ್ಲಾವಿಕ್ ಪದದಿಂದಲೇ ಬಿಡಿಸುವವರು ಹೆಚ್ಚು.

ಹುಲ್ಲುಗಾವಲಿನ ನದಿಗಳಿಗೆ ಇರಾನಿ ಹೆಸರು ಇರುವುದು ಇದೊಂದೇ ಉದಾಹರಣೆಯೂ ಅಲ್ಲ. ದೋನ್, ದ್ನೀಪರ್, ದ್ನೀಸ್ತರ್ ಮೂರರಲ್ಲೂ ‘ದಾನು’ ಇದೆ. ಕಾಕಸಸ್‌ನ ಒಸ್ಸೇಟಿಯನ್ನರು ಇಂದಿಗೂ ನೀರಿಗೆ, ನದಿಗೆ ‘ದೋನ್’ ಎನ್ನುತ್ತಾರೆ. ಹೆಸರಿಟ್ಟವರು ಹೋದರು, ಹೆಸರು ಉಳಿಯಿತು. ಇದರಿಂದ ‘ಇಲ್ಲಿಂದ ಅಲ್ಲಿಗೆ ಹೋದರು’ ಎಂದಾಗಲಿ ‘ಅಲ್ಲಿಂದ ಇಲ್ಲಿಗೆ ಬಂದರು’ ಎಂದಾಗಲಿ ರಾವ್ ಎಂಬ ಒಂದು ಪದದ ಬಲದಿಂದ ತೀರ್ಪು ಕೊಡಲಾಗದು. ಆ ಚರ್ಚೆಗೆ ಬೇರೆ ಸಾಕ್ಷ್ಯಗಳಿವೆ, ಅದು ಬೇರೆಯೇ ಲೇಖನ.

ಇನ್ನು ನೀವು ಬರೆಯುವ ವಿಷಯ. ‘ರಾವ್ ಎಂದರೆ ರಸಾ’ ಎಂದು ಒಂದೇ ಏಟಿಗೆ ಬರೆದರೆ ಚಪ್ಪಾಳೆ ಸಿಗುತ್ತದೆ. ಆದರೆ ಓದುವವರು ಅದನ್ನು ‘ಋಗ್ವೇದದ ನದಿ ರಷ್ಯಾದಲ್ಲಿದೆ’ ಎಂದು ಮುಂದಕ್ಕೆ ಕಳಿಸುತ್ತಾರೆ, ಕೆಳಗೆ ನಿಮ್ಮ ಹೆಸರಿರುತ್ತದೆ. ಈ ಅಪಾಯಕ್ಕೆ ಹೆದರಿ ‘ಮೂಲ ಖಚಿತವಿಲ್ಲ, ಎರಡು ಅಭಿಪ್ರಾಯಗಳಿವೆ’ ಎಂದಷ್ಟೇ ಬರೆದು ಕೈತೊಳೆದುಕೊಳ್ಳಬಹುದು. ಅದು ತಪ್ಪಲ್ಲ, ಆದರೆ ಖಾಲಿ ಬಿಟ್ಟ ಜಾಗವನ್ನು ವಾಟ್ಸಾಪ್ ತುಂಬಿಕೊಳ್ಳುತ್ತದೆ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: ‘ವೋಲ್ಗಾ ನದಿಯ ಎರ್ಜ್ಯಾ ಹೆಸರಾದ ರಾವ್, ಹುಲ್ಲುಗಾವಲಿನ ಪ್ರಾಚೀನ ಇರಾನಿ ಜನರಿಂದ ಬಂದ ಎರವಲು, ಅದರ ಮೂಲಪದ ಋಗ್ವೇದದ ರಸಾ ಎಂಬ ಹೆಸರಿಗೆ ಒಡಹುಟ್ಟು ಎಂದು ಹಲವು ವಿದ್ವಾಂಸರು ಭಾವಿಸುತ್ತಾರೆ, ಆದರೆ ಎರಡೂ ಒಂದೇ ನದಿಯಲ್ಲ.’ ಇದರಲ್ಲೂ ಅಪಾಯ ಇಲ್ಲದಿಲ್ಲ: ‘ಸ್ರವ’ ದಾರಿಯೇ ಸರಿಯೆಂದು ನಾಳೆ ಗಟ್ಟಿಯಾದರೆ ನಡುವಿನ ವಾಕ್ಯ ತಿದ್ದಬೇಕಾಗುತ್ತದೆ. ‘ಹಲವು ವಿದ್ವಾಂಸರು’ ಎಂದು ಬರೆದಿರುವುದು ಅದಕ್ಕಾಗಿಯೇ. ಸಂಚಿಕೆಯ ಸಂಪಾದಕರು ಜಾಗವಿಲ್ಲವೆಂದು ಕತ್ತರಿ ಆಡಿಸುವುದಾದರೆ ಬೇರೆ ಎಲ್ಲಿಯಾದರೂ ಆಡಿಸಲಿ, ಕೊನೆಯ ಆ ನಾಲ್ಕು ಪದಗಳನ್ನು ಮುಟ್ಟದಿರಲಿ.

ಭೂಗೋಳದ ಒಂದು ಎಚ್ಚರಿಕೆಯನ್ನೂ ಸೇರಿಸುತ್ತೇನೆ. ಸರಾನ್ಸ್ಕ್ ವೋಲ್ಗಾ ದಂಡೆಯ ಊರು ಎಂದು ಬರೆದುಬಿಡಬೇಡಿ. ಸರಾನ್ಸ್ಕ್ ಇರುವ ಮೊರ್ದೋವಿಯಾ ಗಣರಾಜ್ಯದೊಳಗೆ ವೋಲ್ಗಾ ಹರಿಯುವುದೇ ಇಲ್ಲ. ನಿಮ್ಮ ಮಗಳು ಇರುವುದು ಇನ್ಸಾರ್ ಎಂಬ ಸಣ್ಣ ಹೊಳೆಯ ದಂಡೆಯಲ್ಲಿ, 1641ರಲ್ಲಿ ಕೋಟೆಯಾಗಿ ಶುರುವಾದ ಊರಿನಲ್ಲಿ. ಇನ್ಸಾರ್ ಅಲಾತಿರ್‌ಗೆ, ಅಲಾತಿರ್ ಸುರಾಕ್ಕೆ, ಸುರಾ ವೋಲ್ಗಾಕ್ಕೆ. ಎರ್ಜ್ಯಾ ಹಳ್ಳಿಗಳು ಗಣರಾಜ್ಯದ ಹೊರಗೂ ನಿಝ್ನಿ ನೊವ್‌ಗೊರೊದ್, ಉಲ್ಯಾನೊವ್ಸ್ಕ್, ಸಮಾರಾ ಪ್ರಾಂತಗಳಲ್ಲಿ ಹರಡಿಕೊಂಡಿವೆ. ಅಜ್ಜಿ ಯಾವ ಕಡೆಯವರೆಂದು ಕೇಳಿ ತಿಳಿದುಕೊಳ್ಳಿ. ನದಿಯನ್ನು ಕಣ್ಣಾರೆ ನೋಡುತ್ತ ಬೆಳೆದವರೋ, ಹಾಡಿನಲ್ಲಿ ಕೇಳಿ ಬಲ್ಲವರೋ ಎಂಬುದರಿಂದ ಲೇಖನದ ತೂಕ ಬದಲಾಗುತ್ತದೆ.

ಮಗಳಿಗೆ ಸಾಧ್ಯವಾದರೆ ಇನ್ನೂ ಒಂದು ಕೆಲಸ ಹೇಳಿ. ಎರ್ಜ್ಯಾ ಭಾಷೆ ಗಣರಾಜ್ಯದಲ್ಲಿ ರಷ್ಯನ್, ಮೋಕ್ಷಾಗಳ ಜೊತೆ ಅಧಿಕೃತವಾಗಿದ್ದರೂ ಯುನೆಸ್ಕೊದ ಅಳಿವಿನಂಚಿನ ಭಾಷೆಗಳ ಪಟ್ಟಿಯಲ್ಲಿದೆ. ಇಂಥ ಭಾಷೆಯಲ್ಲಿ ಅಜ್ಜಿಯರ ಬಳಿ ನಿಘಂಟಿನಲ್ಲಿಲ್ಲದ ಬಳಕೆಗಳು ಇರುತ್ತವೆ. ‘ರಾವ್ ಎಂದರೆ ರಸಾ ತಾನೇ?’ ಎಂದು ಮಾತ್ರ ಕೇಳಬಾರದು. ಹಿರಿಯರು ಪ್ರೀತಿಯಿಂದ ‘ಹೌದಮ್ಮ’ ಎಂದುಬಿಡುತ್ತಾರೆ, ಆ ಉತ್ತರ ಯಾವ ಕೆಲಸಕ್ಕೂ ಬಾರದು. ವೋಲ್ಗಾ ಬಿಟ್ಟು ಬೇರೆ ಯಾವ ನೀರಿಗಾದರೂ, ತುಂಬಿ ಹರಿಯುವ ಹೊಳೆಗೋ ದೊಡ್ಡ ಕೆರೆಗೋ ರಾವ್ ಎನ್ನುತ್ತೀರಾ ಎಂದು ಕೇಳಲಿ. ಆ ಪದವಿರುವ ಹಾಡು, ಗಾದೆ, ಶಾಪ ಯಾವುದಾದರೂ ಬರುತ್ತದೆಯೇ ಎಂದು ಕೇಳಲಿ. ಅಜ್ಜಿ ಒಪ್ಪಿದರೆ ಮೊಬೈಲಿನಲ್ಲಿ ಧ್ವನಿ ಹಿಡಿದುಕೊಂಡು, ಹಳ್ಳಿಯ ಹೆಸರಿನ ಜೊತೆ ಆ ಮಾತುಗಳನ್ನು ಸಿರಿಲಿಕ್ ಲಿಪಿಯಲ್ಲಿ ಗೆಳತಿಯ ಕೈಯಲ್ಲೇ ಬರೆಸಿಕೊಳ್ಳಲಿ. ಲೇಖನ ಅಚ್ಚಿಗೆ ಹೋಗುವ ಮುನ್ನ ನನಗೂ ಒಂದು ಪ್ರತಿ ಕಳಿಸಿದರೆ ಸಂತೋಷ. ವಿಶೇಷವಾಗಿ ಆ ಶಾಪಗಳನ್ನು.